ಹಲಸೂರು ಗೇಟಿನಿಂದ ಹಲಸೂರಿಗೆ

ಒಂಬತ್ತನೆಯ ತರಗತಿಯಲ್ಲಿ ಮೈಸೂರು ಯುದ್ಧಗಳ ಪಾಠ ನಡೆಯುತ್ತಿದ್ದಾಗ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಇದ್ದಕ್ಕಿದ್ದಂತೆ ಪುಸ್ತಕ ಮುಚ್ಚಿ ಒಂದು ಪ್ರಶ್ನೆ ಕೇಳಿದರು: "ಹಲಸೂರು ಗೇಟ್ ಪೊಲೀಸ್ ಠಾಣೆ ಹಲಸೂರಿನಲ್ಲಿ ಯಾಕಿಲ್ಲ?" ನಮಗೆ ಅದು ಯಾವತ್ತೂ ಪ್ರಶ್ನೆಯಾಗಿ ಕಂಡಿರಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ, "ಇಲ್ಲಿ ಬಾಡಿಗೆ ಜಾಸ್ತಿ ಸಾರ್" ಎಂದ. ತರಗತಿಯೆಲ್ಲ ನಕ್ಕಿತು, ಮೇಷ್ಟ್ರೂ ನಕ್ಕರು. ಆಮೇಲೆ ಹಲಗೆಯ ಮೇಲೆ ಒಂದು ಉದ್ದನೆಯ ವೃತ್ತ ಬರೆದು, ಅದಕ್ಕೆ ನಾಲ್ಕು ಬಾಗಿಲಿಟ್ಟರು. ಉತ್ತರಕ್ಕೆ ಯಲಹಂಕ ಬಾಗಿಲು, ದಕ್ಷಿಣಕ್ಕೆ ಆನೇಕಲ್ ಬಾಗಿಲು, ಪಶ್ಚಿಮಕ್ಕೆ ಸೊಂಡೆಕೊಪ್ಪ ಬಾಗಿಲು, ಪೂರ್ವಕ್ಕೆ ಹಲಸೂರು ಬಾಗಿಲು. "ಬಾಗಿಲಿಗೆ ಅದು ಇರೋ ಜಾಗದ ಹೆಸರಿಡಲ್ಲ ಕಣ್ರೋ, ಅದು ಎಲ್ಲಿಗೆ ಕಳಿಸುತ್ತೋ ಅಲ್ಲಿಯ ಹೆಸರಿಡ್ತಾರೆ" ಎಂದರು. ಪೇಟೆಯ ಕೋಟೆಯಿಂದ ಹೊರಬಿದ್ದು ಹಲಸೂರಿನ ಕಡೆಗೆ ಹೊರಟವರ ಬಾಗಿಲು ಅದು. ನಾವಿದ್ದದ್ದು ಆ ದಾರಿಯ ಇನ್ನೊಂದು ತುದಿಯಲ್ಲಿ.

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಕೇಳಿದಾಗ ನನಗೆ ನೆನಪಾದದ್ದು ಆ ಹಲಗೆಯ ಚಿತ್ರವೇ. ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನಿಗೆ ಇತಿಹಾಸ ಬರೆಯುವ ಅಧಿಕಾರವೇನಿದೆ ಎಂದು ನೀವು ಕೇಳಬಹುದು. ನಾನು ಬರೆಯುವುದು ಒಂದು ದಾರಿಯ ಕಥೆ ಮಾತ್ರ. ಆ ಬಾಗಿಲಿನಿಂದ ನಮ್ಮೂರಿಗೆ ಇರುವ ದೂರ ಐದಾರು ಕಿಲೋಮೀಟರ್. ಆ ದೂರವನ್ನು ನಮ್ಮ ಮನೆಯವರು ಯಾವ ಯಾವ ಕಾಲದಲ್ಲಿ ಹೇಗೆ ದಾಟಿದರು, ಯಾರು ದಾಟಲಾಗದೆ ಉಳಿದರು ಎನ್ನುವುದಷ್ಟೆ ನನ್ನ ವಿಷಯ.

ಆ ಬಾಗಿಲು ಚರಿತ್ರೆಯ ಪುಸ್ತಕ ಸೇರಿದ್ದು ರಕ್ತದಿಂದ. ಕಾರ್ನ್‌ವಾಲೀಸನ ಸೈನ್ಯ ಕೋಲಾರ, ಹೊಸಕೋಟೆಗಳನ್ನು ಹಾದು ಪೂರ್ವದಿಂದ ಬಂದು, 1791ರ ಮಾರ್ಚ್ 7ರಂದು ಹಲಸೂರು ಬಾಗಿಲನ್ನು ಒಡೆದು ಪೇಟೆಯೊಳಕ್ಕೆ ನುಗ್ಗಿತು. ಎರಡು ವಾರದ ನಂತರ, 21ರಂದು, ಕೋಟೆಯೂ ಬಿತ್ತು. ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಪಡೆ 1809ರಲ್ಲಿ ಬೆಂಗಳೂರಿಗೆ ಬಂದಾಗ ಬೀಡುಬಿಟ್ಟದ್ದು ಪೇಟೆಯಲ್ಲಲ್ಲ, ನಮ್ಮ ಹಲಸೂರಿನ ಮಗ್ಗುಲಲ್ಲಿ. ಕೆರೆ ಇತ್ತು, ಬಯಲಿತ್ತು. ಸೋಮೇಶ್ವರ ದೇವಸ್ಥಾನದ ಸುತ್ತಲಿನ ಹಳೆಯ ಹಳ್ಳಿ ಹೀಗೆ ದಂಡಿನ ನೆರೆಯಾಯಿತು. ಸೈನ್ಯದ ಹಿಂದೆ ಅಡಿಗೆಯವರು, ದರ್ಜಿಗಳು, ಗಾರೆಯವರು, ವ್ಯಾಪಾರಿಗಳು ಬಂದರು. ನಮ್ಮ ಬೀದಿಯಲ್ಲಿ ಇವತ್ತಿಗೂ ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ಜಗಳದಲ್ಲಿ ಬಂದುಹೋಗುವುದು ಅದರಿಂದಲೇ.

1881ರಿಂದ ಈ ಭಾಗ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷರ ಕೈಯಲ್ಲೇ ಉಳಿಯಿತು. ಪೇಟೆ ಮೈಸೂರು ಮಹಾರಾಜರದಾಯಿತು. ಒಂದೇ ಬೆಂಗಳೂರಿಗೆ ಎರಡು ಆಡಳಿತ, ನಡುವೆ ಕಬ್ಬನ್ ಪಾರ್ಕಿನ ಹಸಿರು. ರೈಲು ಕೂಡ ಮೊದಲು ಬಂದದ್ದು ದಂಡಿಗೆ. 1864ರಲ್ಲಿ ಜೋಲಾರಪೇಟೆಯಿಂದ ಹೊರಟ ಮದ್ರಾಸ್ ರೈಲ್ವೆಯ ಹಳಿ ದಂಡಿನ ನಿಲ್ದಾಣಕ್ಕೆ ಬಂದು ನಿಂತುಬಿಟ್ಟಿತು. ಅದು ಪೇಟೆಯ ಕಡೆಗೆ ಮುಂದುವರಿಯಲು ಹತ್ತಿರ ಹತ್ತಿರ ಎರಡು ದಶಕ ಬೇಕಾಯಿತು. ಮದ್ರಾಸಿನಿಂದ ರಾತ್ರಿ ಕಳೆಯುವುದರೊಳಗೆ ಬರಬಹುದಿತ್ತು, ಇಲ್ಲಿಂದ ಚಿಕ್ಕಪೇಟೆಗೆ ಹೋಗಲು ಮಾತ್ರ ಜಟಕಾ ಹಿಡಿಯಬೇಕು, ಇಲ್ಲವೆ ನಡೆಯಬೇಕು. ನಮ್ಮ ತಾತನ ಕಡೆಯವರು ನಡೆದವರು. ಜಟಕಾ ಹತ್ತುತ್ತಿದ್ದದ್ದು ಮದುವೆ ಜವಳಿಗೆ ಮತ್ತು ಬಾಣಂತಿಯನ್ನು ಕರೆತರಲು ಮಾತ್ರ ಎಂದು ಅಜ್ಜಿ ಹೇಳುತ್ತಿದ್ದರು. ದಂಡು ಮೈಸೂರಿನ ಕೈಗೆ ಮರಳಿದ್ದು 1947ರಲ್ಲಿ; ಎರಡೂ ಪುರಸಭೆಗಳು ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ.

ಆದರೆ ಬಸ್ಸು ಅದಕ್ಕಿಂತ ಮೊದಲೇ ಎರಡೂ ಊರುಗಳನ್ನು ಹೊಲಿಯತೊಡಗಿತ್ತು. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಶುರುವಾದಾಗ ಅದರ ಬಳಿ ಇದ್ದದ್ದು 98 ಬಸ್ಸು. 1956ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡು ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್ ಮಾಡಿತು. ಅದೇ ಬಿ.ಟಿ.ಎಸ್. 'ಬಿಟ್ರೆ ತಿರುಗ ಸಿಗಲ್ಲ' ಎಂದು ಜನ ಅದನ್ನು ಬಿಡಿಸಿ ಹೇಳುತ್ತಿದ್ದದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ನಮ್ಮ ಶಾಲೆ ಬಾಗಿಲು ತೆರೆದದ್ದು ಆ ಬಿ.ಟಿ.ಎಸ್. ಕಾಲದಲ್ಲಿ. 1997ರ ಆಗಸ್ಟ್ 15ರಂದು ಅದು ಬಿ.ಎಂ.ಟಿ.ಸಿ. ಆಯಿತು. ನಮ್ಮಮ್ಮನಿಗೆ ಅದು ಈಗಲೂ ಬಿ.ಟಿ.ಎಸ್. ಬಸ್ಸೇ.

ನಮ್ಮ ಅಜ್ಜಿಯ ತಮ್ಮ ಕನಕಪುರದ ಕಡೆಯ ಹಳ್ಳಿಯಿಂದ ವರ್ಷಕ್ಕೊಮ್ಮೆ ಗೋಣಿಚೀಲದಲ್ಲಿ ಹಲಸಿನ ಹಣ್ಣು ಹೊತ್ತು ಬರುತ್ತಿದ್ದರು. ಒಂದು ಸಲ ಮಾರ್ಕೆಟ್ಟಿನಲ್ಲಿ ಸಿಟಿ ಬಸ್ಸು ಹತ್ತಿ "ಹಲಸೂರು" ಎಂದಿದ್ದಾರೆ. ಕಂಡಕ್ಟರು ಎರಡನೆಯ ಸ್ಟಾಪಿನಲ್ಲೇ ಹಲಸೂರು ಗೇಟ್ ಎಂದು ಇಳಿಸಿದ್ದಾನೆ. ಅವರು ಸೋಮೇಶ್ವರನ ಗುಡಿ ಎಲ್ಲಿ ಎಂದು ಕೇಳುತ್ತ ಸಾಯಂಕಾಲದವರೆಗೆ ನಗರ್ತಪೇಟೆ, ಕಬ್ಬನ್‌ಪೇಟೆಗಳ ಗಲ್ಲಿ ಸುತ್ತಿದರಂತೆ. ಕೊನೆಗೆ ನಡೆದೇ ಬಂದರು. ಹಣ್ಣು ಅರ್ಧ ಬಿರಿದಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಯಾರಾದರೂ ತಪ್ಪು ಜಾಗಕ್ಕೆ ಹೋದರೆ "ಗೇಟಿಗೆ ಹೋದ" ಎನ್ನುವುದು ರೂಢಿ.

ನಮ್ಮ ಸಂಸಾರದ ದೊಡ್ಡ ಪ್ರಯಾಣ ಎಂದರೆ ವಿಜಯನಗರದ ದೊಡ್ಡಮ್ಮನ ಮನೆಗೆ. ಹಬ್ಬಕ್ಕೆ, ನಾಮಕರಣಕ್ಕೆ, ಸುಮ್ಮನೆ ಬೇಸಿಗೆ ರಜೆಗೆ. ಹಲಸೂರಿನಿಂದ ಮೆಜೆಸ್ಟಿಕ್, ಅಲ್ಲಿ ಇಳಿದು ಇನ್ನೊಂದು ಬಸ್ಸು. ಅಮ್ಮ, ಅಕ್ಕ ಮುಂದಿನ ಬಾಗಿಲಿನಿಂದ. ಅಪ್ಪ, ನಾನು ಹಿಂದಿನ ಬಾಗಿಲಿನಿಂದ. ಬಸ್ಸಿನೊಳಗೆ ಸಂಸಾರ ಎರಡು ಭಾಗ. ಟಿಕೆಟ್ಟು ಅಪ್ಪ ತೆಗೆಸುತ್ತಿದ್ದರು. "ಲೇಡೀಸ್ ಎಲ್ಲಿ?" ಎಂದು ಕಂಡಕ್ಟರು ಕೇಳಿದರೆ ಅಪ್ಪ ಕತ್ತು ಚಾಚಿ ಮುಂದಕ್ಕೆ ತೋರಿಸಬೇಕು. ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಿದ್ದರು. ಇಳಿಯುವ ಅವಸರದಲ್ಲಿ ಅದನ್ನು ಮರೆತರೆ ಮನೆ ಸೇರುವವರೆಗೆ ಅಪ್ಪನ ಮುಖ ಸರಿಯಿರುತ್ತಿರಲಿಲ್ಲ. ಶಿವಾಜಿನಗರದ ಕಡೆ ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದ ಡಬಲ್ ಡೆಕ್ಕರ್ ಹತ್ತಬೇಕೆಂಬ ನನ್ನ ಆಸೆ ಒಂದೇ ಒಂದು ಸಲ ಈಡೇರಿತು. ಆಮೇಲೆ ಆ ಬಸ್ಸುಗಳೇ ಮಾಯವಾದವು.

ನನಗೆ ಏಳು ವರ್ಷವಿದ್ದಾಗ, ಗೌರಿ ಹಬ್ಬದ ಹಿಂದಿನ ದಿನ, ಮೆಜೆಸ್ಟಿಕ್‌ನಲ್ಲಿ ಒಂದು ಘಟನೆ ನಡೆಯಿತು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎದ್ದ ಬಸ್ ನಿಲ್ದಾಣ ಅದು. ಅವತ್ತು ಕೆರೆ ತುಂಬಿ ಕೋಡಿ ಬಿದ್ದ ಹಾಗೆ ಜನ. ವಿಜಯನಗರದ ಬಸ್ಸು ಬಂದದ್ದೇ ಅಪ್ಪ ನನ್ನನ್ನು ಎತ್ತಿಕೊಂಡು ಹಿಂದೆ ನುಗ್ಗಿದರು. ಮುಂದೆ ಅಮ್ಮನಿಗೆ ಹತ್ತಲಾಗಲಿಲ್ಲ. "ರೈಟ್ ರೈಟ್" ಎಂದ ಮೇಲೆ ಅಪ್ಪ ಕಿಟಕಿಯಿಂದ ನೋಡಿದರೆ ಅಮ್ಮ, ಅಕ್ಕ ಕೆಳಗೇ ನಿಂತಿದ್ದಾರೆ. "ಹೋಲ್ಡಾನ್, ಹೋಲ್ಡಾನ್" ಎಂದು ಅಪ್ಪ ಕೂಗಿದ ಕೂಗು ನನಗೆ ಇನ್ನೂ ಕೇಳಿಸುತ್ತದೆ. ಬಸ್ಸು ನಿಂತದ್ದು ಮುಂದಿನ ಸ್ಟಾಪಿನಲ್ಲಿ. ನಾವು ಓಡೋಡಿ ವಾಪಸು ಬಂದಾಗ ಅಮ್ಮ ಅದೇ ಕಂಬದ ಪಕ್ಕ ಅಕ್ಕನ ಕೈ ಹಿಡಿದು ನಿಂತಿದ್ದಳು. ಅಳುತ್ತಿರಲಿಲ್ಲ. "ದುಡ್ಡೆಲ್ಲ ನಿಮ್ಮ ಜೇಬಲ್ಲಿ, ನಾನು ಎಲ್ಲಿಗೆ ತಾನೆ ಹೋಗಲಿ?" ಎಂದಳು, ಅಷ್ಟೆ. ಅಪ್ಪ ಏನೂ ಹೇಳಲಿಲ್ಲ. ಅವತ್ತಿನಿಂದ ಅಮ್ಮನ ಕುಪ್ಪಸದೊಳಗಿನ ಪುಟ್ಟ ಪರ್ಸಿನಲ್ಲಿ ಹತ್ತು ರೂಪಾಯಿಯ ಒಂದು ನೋಟು ಮಡಚಿಟ್ಟೇ ಇರುತ್ತದೆ.

ಪೂರ್ವ ಬೆಂಗಳೂರಿಗೆ ಇನ್ನೊಂದು ಬಗೆಯ ಬಸ್ಸೂ ಇತ್ತು. 1940ರಲ್ಲಿ ಎಚ್.ಎ.ಎಲ್., 1948ರಲ್ಲಿ ದೂರವಾಣಿನಗರದ ಐ.ಟಿ.ಐ. ಬಂದ ಮೇಲೆ ಕಾರ್ಖಾನೆಯ ಬಸ್ಸುಗಳು ನಸುಕಿನಲ್ಲೇ ಬೀದಿ ಬೀದಿಗೆ ಬಂದು ನೌಕರರನ್ನು ಕರೆದೊಯ್ಯುತ್ತಿದ್ದವು. ಅದರಲ್ಲಿ ಸೀಟು ಇರುವವನು ಬೀದಿಯಲ್ಲಿ ಮರ್ಯಾದಸ್ಥ. ಅಪ್ಪನಿಗೆ ಆ ಭಾಗ್ಯವಿರಲಿಲ್ಲ. ಅವರು ಕೆಲಸ ಮಾಡುತ್ತಿದ್ದದ್ದು ಹಳೆ ಮದ್ರಾಸು ರಸ್ತೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ, ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದರು. ಒಂದು ಮಾತು ನಾನು ಗಮನಿಸಿದ್ದು ತಡವಾಗಿ. ಆ ಬಸ್ಸು, ಆ ಸೈಕಲ್ಲು ಎಲ್ಲವೂ ಗಂಡಸನ್ನು ಕೆಲಸಕ್ಕೆ ತಲುಪಿಸುವ ಏರ್ಪಾಡು. ಮನೆಯ ಹೆಂಗಸಿಗೆ ಬೇಕಾದ ದಾರಿ ಬೇರೆ: ಮಾರ್ಕೆಟ್ಟು, ಆಸ್ಪತ್ರೆ, ತವರು, ಮಗಳ ಕಾಲೇಜು. ಅದು ಬೆಳಿಗ್ಗೆ ಹೋಗಿ ಸಂಜೆ ಬರುವ ನೆಟ್ಟಗಿನ ಗೆರೆಯಲ್ಲ.

ಅಕ್ಕ ನಮ್ಮ ಶಾಲೆಯಲ್ಲೇ ಓದಿ, 2000ದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದಳು. ಗಣಿತದಲ್ಲಿ ನನಗಿಂತ ಜಾಣೆ, ಇದನ್ನು ಇಲ್ಲಿ ಅಚ್ಚಿನಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ. ಮಲ್ಲೇಶ್ವರದ ಒಂದು ಕಾಲೇಜಿನಲ್ಲಿ ಪಿ.ಯು.ಸಿ. ವಿಜ್ಞಾನಕ್ಕೆ ಸೀಟು ಸಿಕ್ಕಿತು. ಎರಡು ಬಸ್ಸು, ಮಧ್ಯೆ ಮೆಜೆಸ್ಟಿಕ್. ಚಳಿಗಾಲದಲ್ಲಿ ಮನೆಗೆ ಬರುವ ಹೊತ್ತಿಗೆ ಕತ್ತಲು. ಅಪ್ಪ ಎರಡು ದಿನ ಯೋಚಿಸಿ "ಬೇಡ" ಎಂದರು. ಅವರು ಕೆಟ್ಟ ಮನುಷ್ಯರಲ್ಲ. ಆ ಕಂಬದ ಪಕ್ಕ ನಿಂತ ಇಬ್ಬರನ್ನು ಅವರು ಮರೆತಿರಲಿಲ್ಲ. ಅಕ್ಕ ನಡೆದು ಹೋಗುವಷ್ಟು ದೂರದ ಕಾಲೇಜಿನಲ್ಲಿ, ಅಲ್ಲಿದ್ದ ವಾಣಿಜ್ಯ ವಿಭಾಗ ಸೇರಿದಳು. ನಾಲ್ಕು ವರ್ಷದ ನಂತರ ನನ್ನ ಸರದಿ ಬಂದಾಗ ಊರಿನ ಇನ್ನೊಂದು ಮೂಲೆಯ ಕಾಲೇಜಿಗೆ ಹೋಗಲು ಯಾರೂ ಒಂದು ಮಾತು ಎತ್ತಲಿಲ್ಲ. ಬಸ್ ಪಾಸ್ ಮಾಡಿಸಿಕೊಟ್ಟರು. ಬಿ.ಇ.ಗೂ ಅದೇ ಪಾಸು. ನನ್ನ ಹೆಸರಿನ ಮುಂದಿರುವ ಪದವಿಯಲ್ಲಿ ಎಷ್ಟು ಪಾಲು ನನ್ನ ಬುದ್ಧಿಯದು, ಎಷ್ಟು ಪಾಲು ಸಂಜೆ ಏಳರ ಬಸ್ಸು ಹತ್ತಬಲ್ಲವನಾಗಿದ್ದದ್ದರದು ಎಂದು ಯಾರಾದರೂ ಲೆಕ್ಕ ಹಾಕಿದರೆ ನನಗೆ ಸಂಕೋಚವಾಗುತ್ತದೆ.

ಕೆಲಸ ಸಿಕ್ಕಿದ್ದು ಮಾರತ್‌ಹಳ್ಳಿಯ ಬಳಿ. ನಮ್ಮಂಥವರಿಂದಾಗಿ ಊರಿನ ಸಂಚಾರದ ನಕ್ಷೆಯೇ ಬದಲಾಯಿತು. ಅದುವರೆಗೆ ಎಲ್ಲ ದಾರಿಯೂ ಮೆಜೆಸ್ಟಿಕ್, ಮಾರ್ಕೆಟ್ಟು, ಶಿವಾಜಿನಗರಗಳಿಗೆ. ಹೊರವರ್ತುಲ ರಸ್ತೆಯ 500 ಸರಣಿಯ ಬಸ್ಸುಗಳು, ಅದರಲ್ಲೂ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಓಡುವ 500-ಡಿ, ಮೆಜೆಸ್ಟಿಕ್‌ನ ಮುಖವನ್ನೇ ನೋಡದೆ ಊರು ಸುತ್ತತೊಡಗಿದವು. ಕೆ.ಆರ್. ಪುರದ ಟಿನ್ ಫ್ಯಾಕ್ಟರಿಯ ಬಳಿ ಒಂದು ಸಂಜೆ ನಿಂತರೆ ಹೊಸ ಬೆಂಗಳೂರು ಏನೆಂದು ಯಾರೂ ವಿವರಿಸಬೇಕಾಗಿಲ್ಲ. ನಾನು ಮಾತ್ರ ಅಲ್ಲಿ ಹೆಚ್ಚು ನಿಲ್ಲಲಿಲ್ಲ. ಎರಡನೆಯ ವರ್ಷಕ್ಕೆ ಕಂಪನಿಯ ಬಸ್ಸು, ಆಮೇಲೆ ಕ್ಯಾಬು, ಆಮೇಲೆ ಸ್ವಂತ ಕಾರು. ಅಪ್ಪನಿಗೆ ಸಿಗದ ಕಾರ್ಖಾನೆ ಬಸ್ಸಿನ ಸೀಟು ಮಗನಿಗೆ ಸಿಕ್ಕಿತು. ಆ ಹತ್ತು ವರ್ಷ ಅಮ್ಮ ಹೇಗೆ ಓಡಾಡುತ್ತಿದ್ದಾಳೆ ಎಂದು ನಾನು ಕೇಳಿದ ನೆನಪಿಲ್ಲ.

ಅವಳು ಓಡಾಡುವುದನ್ನೇ ನಿಲ್ಲಿಸಿದ್ದಳು. ಮಂಡಿನೋವು ಶುರುವಾಗಿತ್ತು. ಹಳೆಯ ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಎಂದು ಎಳೆಯ ಕಾಲಿಗೆ ಗೊತ್ತಾಗುವುದಿಲ್ಲ. ಅಮ್ಮ ಕಂಬಿ ಹಿಡಿದು ಮೈ ಎಳೆದುಕೊಳ್ಳುವಷ್ಟರಲ್ಲಿ ಬಸ್ಸು ಹೊರಟಿರುತ್ತಿತ್ತು. ಆಟೊ ಮಾಡಿಕೊಂಡು ವಿಜಯನಗರಕ್ಕೆ ಹೋಗುವ ಮನಸ್ಸು ಅವಳಿಗಿಲ್ಲ, ನನ್ನ ಕಾರಿಗೆ ಭಾನುವಾರವೂ ಬಿಡುವಿಲ್ಲ. ದೊಡ್ಡಮ್ಮ, ಅಮ್ಮ ಒಂದೇ ಊರಿನಲ್ಲಿದ್ದೂ ಎರಡು ವರ್ಷ ಫೋನಿನಲ್ಲಿ ಮಾತ್ರ ಮಾತಾಡಿಕೊಂಡರು.

ಅಷ್ಟರಲ್ಲಿ ನಮ್ಮ ರಸ್ತೆಯನ್ನು ಅಗೆದು ಮೆಟ್ರೊ ಕಂಬ ಎಬ್ಬಿಸಿದ್ದರು. 2006ರ ಜೂನ್ 24ರಂದು ಶಂಕುಸ್ಥಾಪನೆ. ಸಿ.ಎಂ.ಎಚ್. ರಸ್ತೆಯ ಅಂಗಡಿಯವರು ವಿರೋಧಿಸಿದರು, ಎಂ.ಜಿ. ರಸ್ತೆಯ ಪಕ್ಕದ ನೆರಳಿನ ಕಾಲುದಾರಿ, ಮರಗಳು ಹೋದವು. 1948ರವರೆಗೆ ಸೌತ್ ಪರೇಡ್ ಎನ್ನಿಸಿಕೊಂಡಿದ್ದ ರಸ್ತೆ ಅದು. ಮರ ಕಡಿದದ್ದು ಸರಿಯೆಂದು ನಾನು ಇವತ್ತಿಗೂ ಹೇಳಲಾರೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿತು. ಆರು ನಿಲ್ದಾಣ, ಏಳು ಕಿಲೋಮೀಟರಿಗೂ ಕಡಿಮೆ. ಆಗ ನಾವು ಸಂಸಾರ ಸಮೇತ ಹೋಗಿ, ಎಲ್ಲಿಯೂ ಇಳಿಯದೆ, ಬಂದ ರೈಲಿನಲ್ಲೇ ವಾಪಸಾದೆವು. ಕೆರೆ ಮೇಲಿನಿಂದ ಕಾಣುತ್ತದೆ ಎಂದು ಅಜ್ಜಿಗೆ ಖುಷಿ. ಆದರೆ ಇಳಿಯುವಾಗ, "ಇಷ್ಟು ದೂರ ನಾನು ನಡೆದೇ ಹೋಗ್ತಿದ್ನಲ್ಲೋ, ಇದಕ್ಕೆ ಬೀದಿನೆಲ್ಲ ಅಗೆದ್ರಾ?" ಎಂದರು. ಎಂಜಿನಿಯರನಾಗಿ ನಾನು ಏನೋ ಸಮಜಾಯಿಷಿ ಕೊಟ್ಟೆ, ಅವರು ಒಪ್ಪಲಿಲ್ಲ.

ಉತ್ತರ ಬಂದದ್ದು 2016ರ ಏಪ್ರಿಲ್ ಕೊನೆಯಲ್ಲಿ, ಅಜ್ಜಿ ತೀರಿಕೊಂಡ ಮೇಲೆ. ಕಬ್ಬನ್ ಪಾರ್ಕಿನಿಂದ ಸಿಟಿ ರೈಲು ನಿಲ್ದಾಣದವರೆಗಿನ ಸುರಂಗ ತೆರೆಯಿತು. ಪಶ್ಚಿಮದ ತುಂಡು ಹಿಂದಿನ ವರ್ಷವೇ ಓಡತೊಡಗಿತ್ತು, ಅದು ಇದಕ್ಕೆ ಕೂಡಿಕೊಂಡಿತು. ದಂಡು, ಪೇಟೆಗಳ ನಡುವಿನ ಬಯಲನ್ನು ರೈಲು ನೆಲದಡಿಯಲ್ಲಿ ದಾಟಿತು. ಹಲಸೂರಿನಲ್ಲಿ ಹತ್ತಿದರೆ ವಿಜಯನಗರದಲ್ಲಿ ಇಳಿಯಬಹುದು, ನಡುವೆ ಎಲ್ಲಿಯೂ ಬದಲಾಯಿಸಬೇಕಾಗಿಲ್ಲ. ಲಿಫ್ಟಿದೆ, ಮೆಟ್ಟಿಲಿಲ್ಲದೆ ಒಳಗೆ ಕಾಲಿಡಬಹುದು, ಗಂಡಹೆಂಡಿರು ಒಂದೇ ಬಾಗಿಲಿನಿಂದ ಹತ್ತಬಹುದು. ಮೊದಲ ಸಲ ಹೋದಾಗ ಅಮ್ಮ ಮೆಜೆಸ್ಟಿಕ್ ಎಂದು ಕೂಗಿದ್ದು ಕೇಳಿ ಅಭ್ಯಾಸಬಲದಿಂದ ಎದ್ದು ನಿಂತಳು. "ಕೂತ್ಕೊ, ಇಳಿಯೋ ಹಾಗಿಲ್ಲ" ಎಂದು ಅಪ್ಪ ಅವಳ ಕೈ ಹಿಡಿದು ಕೂರಿಸಿದರು.

ಎಲ್ಲ ಸರಿಹೋಯಿತು ಎಂದೇನಲ್ಲ. ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರಕ್ಕೆ ಇದ್ದ ಒಂದು ಚಿಕ್ಕ ತುಂಡು 2023ರ ಅಕ್ಟೋಬರ್‌ವರೆಗೆ ಬಾಕಿ ಉಳಿದಿತ್ತು. ವೈಟ್‌ಫೀಲ್ಡಿನ ಕಡೆಯ ರೈಲು ಆ ತುದಿಯಲ್ಲಿ ತಿಂಗಳುಗಟ್ಟಲೆ ಒಂಟಿಯಾಗಿ ಓಡಿತು. ಸಂಸಾರ ಕಟ್ಟಿಕೊಂಡು ಹೋಗುವವನಿಗೆ ಮೆಟ್ರೊದ ಲೆಕ್ಕವೂ ಬೇರೆ. ಬಸ್ಸಿನಲ್ಲಿ ಮಗುವಿನ ವಯಸ್ಸು ಕೇಳುತ್ತಾರೆ, ಅರ್ಧ ಟಿಕೆಟ್ಟು ಉಂಟು. ಮೆಟ್ರೊದಲ್ಲಿ ಎತ್ತರ ಅಳೆಯುತ್ತಾರೆ. ಮೂರು ಅಡಿ ದಾಟಿದ ದಿನದಿಂದ ಮಗು ದೊಡ್ಡವರ ಲೆಕ್ಕಕ್ಕೆ ಸೇರುತ್ತದೆ. 2025ರ ಫೆಬ್ರವರಿಯಲ್ಲಿ ದರ ಏರಿ ಗರಿಷ್ಠ 60 ರೂಪಾಯಿ ಇದ್ದದ್ದು 90 ಆಯಿತು. ನಾಲ್ಕು ಜನ ಹೋಗಿಬರಬೇಕೆಂದರೆ ಕಾರೇ ವಾಸಿ ಎಂದು ಜನ ಹೇಳುವಂತಾದರೆ ಇಷ್ಟೆಲ್ಲ ಅಗೆದದ್ದಕ್ಕೆ ಏನರ್ಥ? ನಿಲ್ದಾಣದಿಂದ ನಮ್ಮ ಮನೆವರೆಗಿನ ಫುಟ್‌ಪಾತಿನಲ್ಲಂತೂ ಅಮ್ಮ ಕಲ್ಲಿಂದ ಕಲ್ಲಿಗೆ ದಾಟುತ್ತಾಳೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಇದರ ಬಗ್ಗೆ ನಮ್ಮ ಆಫೀಸಿನಲ್ಲಿ ಬಹಳ ವಾದ ನಡೆಯಿತು, ಖಜಾನೆ, ಬಿಟ್ಟಿ, ಇತ್ಯಾದಿ. ನಾನೂ ಸೇರಿಕೊಂಡಿದ್ದೆ. ಅದೇ ವಾರ ಅಮ್ಮ ಯಾರಿಗೂ ಹೇಳದೆ, ಆಧಾರ್ ಕಾರ್ಡು ಹಿಡಿದು, ಒಬ್ಬಳೇ ಶಿವಾಜಿನಗರಕ್ಕೆ ಹೋಗಿ ರಸೆಲ್ ಮಾರ್ಕೆಟ್ಟಿನಲ್ಲಿ ಅವರೆಕಾಯಿ ಸಿಗದೆ ಬೀನ್ಸ್ ತಂದಳು. ಜೂನ್‌ನಲ್ಲಿ ಎಲ್ಲಿಯ ಅವರೆ! ಅವಳಿಗೆ ಬೇಕಾಗಿದ್ದದ್ದು ಅವರೆಯಲ್ಲ. ಗುಲಾಬಿ ಬಣ್ಣದ ಆ ಟಿಕೆಟ್ಟನ್ನು ಪರ್ಸಿನಲ್ಲಿ ಹತ್ತು ರೂಪಾಯಿ ನೋಟಿನ ಜೊತೆ ಇಟ್ಟುಕೊಂಡಿದ್ದಳು. ಹೇಗೆ ಹತ್ತಿದೆ ಎಂದು ಕೇಳಿದರೆ, "ಡ್ರೈವರಪ್ಪ ನಿಲ್ಲಿಸಿದ, ಒಬ್ಬಳು ಹುಡುಗಿ ಕೈ ಕೊಟ್ಟಳು" ಎಂದಳು. ಈಚೆಗೆ ಬಂದ ವಿದ್ಯುತ್ ಬಸ್ಸುಗಳಲ್ಲಿ ಕೆಲವಕ್ಕೆ ನೆಲ ತಗ್ಗು. ಅಂಥದು ಬರುವವರೆಗೆ ಎರಡು ಬಸ್ಸು ಬಿಟ್ಟು ಕಾಯುತ್ತಾಳೆ. ನಾನು ಆಫೀಸಿನ ವಾದಕ್ಕೆ ಮತ್ತೆ ಕೂರಲಿಲ್ಲ.

ಅಕ್ಕನ ಮಗಳಿಗೆ ಈಗ ಹತ್ತೊಂಬತ್ತು. ಡಿಗ್ರಿ ಓದಲು ದಿನಾ ಸೆಂಟ್ರಲ್ ಕಾಲೇಜಿನ ಹತ್ತಿರದ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣದಲ್ಲಿ ಇಳಿಯುತ್ತಾಳೆ. ಗಣಿತವೇ ಅವಳ ವಿಷಯ. ಸಂಜೆ ಎಷ್ಟು ಹೊತ್ತಿಗೆ ಬರುತ್ತಾಳೆ ಎಂದು ಅಕ್ಕನನ್ನು ಕೇಳಿದೆ. "ಕೆಲಸ ಮುಗಿದ ಹೊತ್ತಿಗೆ" ಎಂದಳು.

ಈ ಬರಹಕ್ಕೆಂದು ಹೋದ ತಿಂಗಳ ಒಂದು ಭಾನುವಾರ ಎಲ್ಲರೂ ಹಲಸೂರು ಗೇಟಿಗೆ ಹೋದೆವು. ಅಮ್ಮ, ಅಪ್ಪ, ಅಕ್ಕ, ಅವಳ ಮಗಳು, ನನ್ನ ಹೆಂಡತಿ, ಏಳು ವರ್ಷದ ನನ್ನ ಮಗಳು. ಕಾರ್ಪೊರೇಷನ್ ಹತ್ತಿರ ಇಳಿದು ನಡೆದೆವು. ಬಾಗಿಲಿಲ್ಲ, ಕೋಟೆಗೋಡೆ ಇಲ್ಲ. ಪೊಲೀಸ್ ಠಾಣೆಯ ಬೋರ್ಡಿನಲ್ಲಿ ಹೆಸರು ಮಾತ್ರ ಇದೆ. ಮಗಳು ನಿರಾಸೆಯಿಂದ "ಗೇಟ್ ಎಲ್ಲಿ?" ಎಂದಳು. ಮೇಷ್ಟ್ರು ಹೇಳಿದ್ದನ್ನು ಹೇಳಿದೆ. ಅವಳು ಸ್ವಲ್ಪ ಯೋಚಿಸಿ, "ಹಾಗಾದ್ರೆ ನಮ್ಮ ಕಡೆ ಪೇಟೆ ಗೇಟ್ ಅಂತ ಒಂದು ಇರಬೇಕಲ್ವಾ ಅಪ್ಪ?" ಎಂದಳು. ಈ ಪ್ರಶ್ನೆ ನಮ್ಮ ತರಗತಿಯಲ್ಲಿ ನಲವತ್ತು ಜನರಿಗೆ ಯಾರಿಗೂ ಹೊಳೆದಿರಲಿಲ್ಲ.

ವಾಪಸು ಬರುವಾಗ ಬಸ್ಸಿಗೇ ಹತ್ತಿದೆವು. ಕಂಡಕ್ಟರಮ್ಮ ಐದು ಗುಲಾಬಿ ಟಿಕೆಟ್ಟು ಹರಿದುಕೊಟ್ಟು, ನನ್ನ, ಅಪ್ಪನ ಕಡೆ ತಿರುಗಿ, "ನಿಮ್ದು ಎಲ್ಲಿಗೆ?" ಎಂದರು. "ಹಲಸೂರಿಗೆ ಎರಡು" ಎಂದೆ. "ಗೇಟಿಗಲ್ಲ, ಹಲಸೂರಿಗೆ" ಎಂದು ಅಮ್ಮ ಮುಂದಿನ ಸೀಟಿನಿಂದ ಕೂಗಿ ಹೇಳಿದಳು.